ದಿನಕ್ಕೊಂದು ನಗು: ಹುಡುಕಿದರೆ ಸಿಗುತ್ತದಾ, ತಾನಾಗಿ ಬರಬೇಕಾ?

ಹಳೇಪೆನ್ನು

ಮೂರು ವಾರದ ಹಿಂದಿನ ಕಥೆ. ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾ ಮನೆಯೊಳಗೆ ಓಡಾಡುತ್ತಿದ್ದೆ. ಮಾತಾಡುತ್ತಲೇ ಕಪಾಟು ನೋಡಿದೆ, ದಿಂಬು ಎತ್ತಿದೆ, ಸೋಫಾದ ಸಂದಿಗೆ ಕೈ ಹಾಕಿದೆ. ಕೊನೆಗೆ, "ಒಂದ್ನಿಮಿಷ ಇರೇ, ನನ್ನ ಫೋನ್ ಕಾಣಿಸ್ತಿಲ್ಲ" ಅಂದೆ. ಅವಳು ಅಷ್ಟೇ ಗಂಭೀರವಾಗಿ, "ಅಯ್ಯೋ, ಹೌದೇನೋ? ಮೊದಲು ಹುಡುಕ್ಕೋ. ಸಿಕ್ಕಿದ ಮೇಲೆ ಫೋನ್ ಮಾಡು" ಅಂದು ಇಟ್ಟೇಬಿಟ್ಟಳು.

ಆಮೇಲೂ ಎರಡು ನಿಮಿಷ ಹುಡುಕಿದೆ. ಫೋನ್ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅದು ರಿಂಗಾಯಿತು. ಎತ್ತಿದರೆ ಆ ಕಡೆ ಮಾತಿಲ್ಲ, ಉಸಿರು ಸಿಕ್ಕಿಕೊಂಡ ಹಾಗೆ ಏನೋ ಸದ್ದು. ಗಾಬರಿಯಾಯಿತು. ನೋಡಿದರೆ ಅಕ್ಕ ನಗುತ್ತಿದ್ದಾಳೆ. ನಮ್ಮಿಬ್ಬರ ವಯಸ್ಸು ಕೂಡಿಸಿದರೆ 121. ಹತ್ತು ನಿಮಿಷ ಇಬ್ಬರೂ ಒಂದು ಮಾತೂ ಆಡದೆ ಸುಮ್ನೆ ನಕ್ಕೆವು.

ಫೋನ್ ಇಟ್ಟ ಮೇಲೆ ಯೋಚನೆ ಬಂತು. ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕು ಎಷ್ಟು ದಿನವಾಗಿತ್ತು? ನೆನಪಾಗಲಿಲ್ಲ. ಅವತ್ತೇ ಹಳೆಯ ಡೈರಿ ತೆಗೆದು ದಿನಕ್ಕೊಂದು ಸಾಲು ಬರೆಯಲು ಶುರು ಮಾಡಿದೆ. ನಗು ತರಿಸಿದ್ದು, ಇಲ್ಲವೇ ಸುಮ್ನೆ ಖುಷಿ ಕೊಟ್ಟಿದ್ದು. ಈಗ 19 ಸಾಲು ಆಗಿದೆ. ಅದರಲ್ಲಿ ಆರು ಕಡೆ "ಇವತ್ತು ಏನೂ ಇಲ್ಲ" ಅಂತಲೇ ಇದೆ. ಒಂದು ಮಾತ್ರ ಹೇಳುತ್ತೇನೆ: "'ಎಳೆಯಿರಿ' ಅಂತ ಬರೆದಿದ್ದ ಬಾಗಿಲನ್ನು ತಳ್ಳುತ್ತಿದ್ದೆ. ಹಿಂದೆ ಬಂದವರು 'ಇರಿ ಸರ್, ನಾನೂ ಕೈ ಹಾಕ್ತೀನಿ' ಅಂದರು. ಇಬ್ಬರೂ ಸೇರಿ ತಳ್ಳಿದೆವು."

ನನ್ನ ಪ್ರಶ್ನೆ ಇಷ್ಟೇ. ಇಂಥದ್ದನ್ನು ಹುಡುಕಿಕೊಂಡು ಹೋಗಬಹುದಾ, ಅಥವಾ ತಾನಾಗಿ ಬಂದಾಗ ನಗಬೇಕಾ? ನಿಮಗೆ ಏನೇನು ಸಿಕ್ಕಿದೆ ಹೇಳಿ.

ಸೊನ್ನೆ

ನನಗೆ ತಾನಾಗಿಯೇ ಬಂತು, ಅದೂ ಒಂದು ಸೊನ್ನೆಯಿಂದ. ಮಗನಿಗೆ ಜ್ವರ. ಶಾಲೆಯ ಗುಂಪಿಗೆ ಬೆಳಗ್ಗೆ ಅವಸರದಲ್ಲಿ ಮೆಸೇಜ್ ಹಾಕಿದೆ. "ನನ್ನ ಮಗನಿಗೆ ಹುಷಾರಿಲ್ಲ, ಇವತ್ತು ಬರುವುದಿಲ್ಲ" ಅಂತ ಹಾಕಬೇಕಿತ್ತು. ಕೀಬೋರ್ಡು ತಾನೇ ಬುದ್ಧಿ ಉಪಯೋಗಿಸಿ ಮಧ್ಯೆ ಒಂದು ಸೊನ್ನೆ ಸೇರಿಸಿತು. "ನನ್ನ ಮಂಗನಿಗೆ ಹುಷಾರಿಲ್ಲ, ಇವತ್ತು ಬರುವುದಿಲ್ಲ."

ನಾನು ನೋಡುವಷ್ಟರಲ್ಲಿ 40 ಜನ ಓದಿ ಆಗಿತ್ತು. ಒಬ್ಬರೂ ಉಸಿರೆತ್ತಿಲ್ಲ. ಎಲ್ಲರೂ ಮರ್ಯಾದಸ್ಥರು. ಐದು ನಿಮಿಷದ ಮೇಲೆ ಟೀಚರ್ ಉತ್ತರ ಬಂತು: "ಪರವಾಗಿಲ್ಲ ಸರ್, ರೆಸ್ಟ್ ತಗೊಳ್ಳಲಿ. ಉಳಿದ ಮಂಗಗಳೆಲ್ಲ ಬಂದಿವೆ."

ಆಮೇಲೆ ನೋಡಬೇಕಿತ್ತು ಆ ಗುಂಪನ್ನು! ಎರಡು ವರ್ಷದಿಂದ ಬರೀ ಹೋಮ್‌ವರ್ಕು, ಫೀಸು ಅಂತಿದ್ದವರು ಅವತ್ತೇ ಮೊದಲ ಸಲ ಮನುಷ್ಯರ ಹಾಗೆ ಮಾತಾಡಿದ್ದು.

ಕಿಟಕಿಪಕ್ಕ

@ಸೊನ್ನೆ, ಆ ಟೀಚರ್‌ಗೆ ನನ್ನದೊಂದು ದೊಡ್ಡ ನಮಸ್ಕಾರ ಹೇಳಿ.

ನಗುವಿನ ವಿಷಯದಲ್ಲಿ ನಾನು ಸ್ವಲ್ಪ ಬಡವಿ. ಆದರೆ ಸಣ್ಣ ಖುಷಿ ಅಂದರೆ ನನ್ನ ಹತ್ತಿರ ದಂಡಿಯಾಗಿದೆ. ಸೆಕೆಯ ರಾತ್ರಿ ದಿಂಬು ಮಗುಚಿ ಹಾಕಿದಾಗ ಕೆನ್ನೆಗೆ ಸಿಗುವ ಆ ತಂಪು. ಅಲಾರಂ ಹೊಡೆಯಿತು ಅಂತ ಎದ್ದು ನೋಡಿದರೆ ಇನ್ನೂ ಎರಡು ಗಂಟೆ ಇದೆ ಅಂತ ಗೊತ್ತಾಗುವುದು. ಹೊಸ ಸಾಮಾನಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಒಂದು ಮೂಲೆಯಿಂದ ಹಿಡಿದು ಎಲ್ಲೂ ಹರಿಯದ ಹಾಗೆ ಸುಲಿಯುವುದು. ಇದಕ್ಕೆ ನಮ್ಮ ಮನೆಯಲ್ಲಿ ಜಗಳವೇ ಆಗುತ್ತದೆ. ತಂಗಿಯೂ ನಾನೂ ಸರದಿ ಇಟ್ಟುಕೊಂಡಿದ್ದೇವೆ.

ಬಬಲ್ ರ‍್ಯಾಪ್ (ಒತ್ತಿದರೆ ಟಪ್ ಅನ್ನುವ ಗುಳ್ಳೆ ಪ್ಲಾಸ್ಟಿಕ್) ಅಂತೂ ಕೇಳಲೇಬೇಡಿ. 1957ರಲ್ಲಿ ಇಬ್ಬರು ಎಂಜಿನಿಯರ್‌ಗಳು ಗೋಡೆಗೆ ಅಂಟಿಸುವ ಉಬ್ಬು ಕಾಗದ ಮಾಡಲು ಹೋಗಿ ಇದನ್ನು ಮಾಡಿದ್ದು. ಗೋಡೆಗೆ ಯಾರೂ ಅಂಟಿಸಲಿಲ್ಲ. ಒಳ್ಳೇದೇ ಆಯ್ತು. ಅಂಟಿಸಿದ್ದರೆ ಯಾವ ಮನೆಯ ಗೋಡೆಯೂ ಒಂದು ವಾರ ಉಳಿಯುತ್ತಿರಲಿಲ್ಲ.

ಅಡ್ಡಮಾತು

ಬೇಜಾರು ಮಾಡಿಕೊಳ್ಳಬೇಡಿ, ನನ್ನದು ಅಡ್ಡಮಾತೇ.

"ಸಣ್ಣ ಸಣ್ಣದರಲ್ಲಿ ಖುಷಿ ಹುಡುಕಿ" ಅಂತ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರನ್ನು ಕರೆಸಿ ಎರಡು ಗಂಟೆ ಇದನ್ನೇ ಹೇಳಿಸಿದರು. ಎಲ್ಲರೂ ಎದ್ದು ನಿಂತು ಕೈ ಮೇಲೆತ್ತಿ ಹ ಹ ಹ ಅನ್ನಬೇಕಂತೆ. ಅಷ್ಟೊತ್ತಿಗೆ ಮಾಡಬೇಕಾದ ಕೆಲಸ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಕೆಲಸ ಜಾಸ್ತಿ ಮಾಡಿದವರೇ ನೀವು, ನಗುವುದನ್ನೂ ನೀವೇ ಕಲಿಸಬೇಕಾ?

ಸುಮ್ನೆ ತುಟಿ ಅಗಲ ಮಾಡಿದರೆ ಮನಸ್ಸು ಖುಷಿಯಾಗುತ್ತದೆ ಅಂತ ಅವರು ಒಂದು ಪ್ರಯೋಗದ ಕಥೆ ಹೇಳಿದರು. 1988ರಲ್ಲಿ ಪ್ರಕಟವಾದದ್ದು. ಹಲ್ಲಿನ ಮಧ್ಯೆ ಪೆನ್ನು ಕಚ್ಚಿಕೊಂಡರೆ ಮುಖ ನಕ್ಕ ಹಾಗೆ ಆಗುತ್ತದೆ. ಹಾಗೆ ಕಚ್ಚಿಕೊಂಡು ಕಾರ್ಟೂನ್ ನೋಡಿದವರಿಗೆ ಅದು ಹೆಚ್ಚು ತಮಾಷೆ ಅನ್ನಿಸಿತು ಅಂತ. ಮುಂದಿನದನ್ನು ಅವರು ಹೇಳಲಿಲ್ಲ, ನಾನು ಹೇಳುತ್ತೇನೆ. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದವು. ಆ ಫಲ ಬರಲಿಲ್ಲ. ಬಂದದ್ದು ಬರೀ ಜೊಲ್ಲು ಇರಬೇಕು.

ಹಳೇಪೆನ್ನು ಅವರೇ, ನಿಮ್ಮ ಅಕ್ಕನ ಕಥೆ ಚೆನ್ನಾಗಿದೆ. ಅದು ಹುಡುಕಿ ಸಿಕ್ಕಿದ್ದಲ್ಲ. ಹುಡುಕಲು ಶುರು ಮಾಡಿದ ಮೇಲೆ ಆರು ದಿನ "ಏನೂ ಇಲ್ಲ" ಅಂತ ಬರೆದಿದ್ದೀರಿ. ಉತ್ತರ ನಿಮ್ಮ ಡೈರಿಯಲ್ಲೇ ಇದೆ.

ಲೆಕ್ಕದಮೇಷ್ಟ್ರು

ಅಡ್ಡಮಾತು ಅವರು ಹೇಳಿದ್ದರಲ್ಲಿ ಅರ್ಧ ಸರಿ. ಆ ಪೆನ್ನಿನ ಕಥೆ ನಾನೂ ಕ್ಲಾಸಿನಲ್ಲಿ ಹೇಳಿ ಆಮೇಲೆ ಪೆಚ್ಚಾದವನೇ.

ಆದರೆ ಡೈರಿಯನ್ನು ಅಷ್ಟು ಬೇಗ ಬಿಸಾಕಬೇಡಿ. ಸೋನಿಯಾ ಲ್ಯುಬೊಮಿರ್ಸ್ಕಿ ಅಂತ ಮನಶ್ಶಾಸ್ತ್ರಜ್ಞೆ ಇದ್ದಾರೆ. ತಮಗೆ ಸಿಕ್ಕಿದ ಒಳ್ಳೆಯದನ್ನು ಬರೆದಿಡಿ ಅಂತ ಅವರ ತಂಡ ಜನರಿಗೆ ಹೇಳಿತು. ಕೆಲವರು ವಾರಕ್ಕೆ ಒಂದು ಸಲ, ಕೆಲವರು ಮೂರು ಸಲ ಬರೆದರು. ಆರು ವಾರದ ಕೊನೆಗೆ ಖುಷಿ ಹೆಚ್ಚಿದ್ದು ವಾರಕ್ಕೊಮ್ಮೆ ಬರೆದವರಿಗೆ ಮಾತ್ರ. ಮೂರು ಸಲ ಬರೆದವರಿಗೆ ಅದು ಹೋಮ್‌ವರ್ಕ್ ಆಗಿಬಿಟ್ಟಿತ್ತು ಅಂತ ಕಾಣುತ್ತದೆ. ದಿನಾ ಬರೆಯುವ ನಮ್ಮ ಹಳೇಪೆನ್ನು ಸಾಹೇಬರು ಸ್ವಲ್ಪ ನಿಧಾನ ಮಾಡಿದರೆ ಆಗುತ್ತದೆ.

ಇನ್ನೊಂದು, ನನಗೆ ಬಹಳ ಇಷ್ಟವಾದದ್ದು. 1978ರಲ್ಲಿ ಅಮೆರಿಕದಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಇನ್ನಿಬ್ಬರು ಸೇರಿ ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದರು. ಸ್ನೇಹಿತರ ಜೊತೆ ಹರಟುವುದು, ಒಂದು ಜೋಕ್ ಕೇಳುವುದು, ಪತ್ರಿಕೆ ಓದುವುದು, ಯಾರಾದರೂ ಹೊಗಳಿದರೆ ಆಗುವ ಖುಷಿ, ಇಂಥ ದಿನನಿತ್ಯದ್ದಕ್ಕೆ ಅಂಕ ಕೊಡಿ ಅಂದರು. ಲಾಟರಿ ಹೊಡೆಯದ ಅಕ್ಕಪಕ್ಕದವರಿಗಿಂತ ಇವರು ಕಡಿಮೆ ಅಂಕ ಕೊಟ್ಟರು. ಅಷ್ಟು ದೊಡ್ಡ ಖುಷಿಯ ಮುಂದೆ ಸಣ್ಣವೆಲ್ಲ ಸಪ್ಪೆಯಾಗಿದ್ದವು. 22 ಜನ ಅಂದರೆ ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೂ ಇದನ್ನು ಓದಿದ ದಿನದಿಂದ ನನಗೆ ಲಾಟರಿ ಹೊಡೆಯದೇ ಇರುವುದರ ಬಗ್ಗೆ ಒಂದು ಸಮಾಧಾನ ಇದೆ. ಟಿಕೆಟ್ಟೇ ತಗೊಂಡಿಲ್ಲ ಅನ್ನುವುದು ಬೇರೆ ಮಾತು.

ಸೊನ್ನೆ

ಮೇಷ್ಟ್ರೇ, ನಮಗೂ ಒಂದು ಸಲ ಹೊಡೆದು ನೋಡಲಿ. ಸಪ್ಪೆ ಆಗುತ್ತದೋ ಇಲ್ಲವೋ ನಾವೇ ಬಂದು ಇಲ್ಲಿ ವರದಿ ಹಾಕುತ್ತೇವೆ.

ರಾತ್ರಿಪಾಳಿ

ನಾನು ಬರೆಯುವುದು ಕಡಿಮೆ. ಅಡ್ಡಮಾತು ಅವರ ಮಾತು ಓದಿ ಬರೆಯಬೇಕು ಅನ್ನಿಸಿತು.

ಅಪ್ಪ ಐದು ವಾರ ಆಸ್ಪತ್ರೆಯಲ್ಲಿದ್ದರು. ರಾತ್ರಿ ನಾನು ಪಕ್ಕದಲ್ಲಿ ಇರುತ್ತಿದ್ದೆ. ಡ್ರಿಪ್ ಹಾಕುವ ಮಷೀನು ಔಷಧಿ ಮುಗಿದಾಗ, ಪೈಪು ಮಡಚಿದಾಗ, ಏನೂ ಆಗದಿದ್ದಾಗಲೂ ಟಿಂಗ್ ಟಿಂಗ್ ಟಿಂಗ್ ಅನ್ನುತ್ತಿತ್ತು. ರಾತ್ರಿಗೆ ಹದಿನೈದು ಸಲವಾದರೂ. ನನಗೆ ಆ ಸದ್ದು ಕೇಳಿದರೆ ಎದೆ ಹಿಂಡಿದ ಹಾಗೆ ಆಗುತ್ತಿತ್ತು. ಎರಡನೆಯದೋ ಮೂರನೆಯದೋ ರಾತ್ರಿ ಅದು ಕೂಗಿದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ, "ಯಾರೋ ಬಂದ್ರು ನೋಡಮ್ಮ, ಬಾಗಿಲು ತೆಗಿ" ಅಂದರು.

ನನಗೆ ಭಯ ಆಯಿತು. ಬುದ್ಧಿ ಕಲಕಿದೆಯೇನೋ ಅಂದುಕೊಂಡೆ. ಮುಖ ನೋಡಿದರೆ ಮೀಸೆ ಅಡಿಯಲ್ಲಿ ನಗು.

ಅಲ್ಲಿಂದ ಪ್ರತಿ ಸಲವೂ ಅದೇ ಮಾತು. ಒಂದೊಂದು ಸಲ "ಈ ಹೊತ್ತಲ್ಲಿ ಯಾರಪ್ಪಾ" ಅನ್ನುವರು. ಒಂದೊಂದು ಸಲ "ನಾನು ಮನೇಲಿಲ್ಲ ಅಂತ ಹೇಳು". ರಾತ್ರಿ ಡ್ಯೂಟಿಯ ನರ್ಸ್‌ಗೂ ಗೊತ್ತಾಯಿತು. ಆಮೇಲೆ ಅವರು ಮಷೀನು ಕೂಗಿದಾಗ ನೇರ ಒಳಗೆ ಬರುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು, "ಒಳಗೆ ಬರಬಹುದಾ ಯಜಮಾನ್ರೇ?" ಅಂತ ಕೇಳಿ ಬರುತ್ತಿದ್ದರು.

ಅಪ್ಪ ಹೋಗಿ ಎರಡು ವರ್ಷವಾಯಿತು. ಅಡುಗೆಮನೆಯ ಮೈಕ್ರೋವೇವ್ ಟಿಂಗ್ ಅಂದರೆ ಅಮ್ಮ ಈಗಲೂ "ಯಾರೋ ಬಂದ್ರು" ಅನ್ನುತ್ತಾಳೆ. ಇಬ್ಬರೂ ನಗುತ್ತೇವೆ. ಕೆಲವು ದಿನ ನಗು ಅಲ್ಲಿಗೇ ನಿಲ್ಲುವುದಿಲ್ಲ, ಅಳುವೂ ಬರುತ್ತದೆ. ಆಮೇಲೆ ಮೈಕ್ರೋವೇವ್ ಬಾಗಿಲು ತೆಗೆಯುತ್ತೇವೆ.

ಕಿಟಕಿಪಕ್ಕ

ರಾತ್ರಿಪಾಳಿ ಅಕ್ಕಾ, ಇದನ್ನು ಬಸ್ಸಿನಲ್ಲಿ ಓದಬಾರದಿತ್ತು. ಪಕ್ಕದ ಸೀಟಿನವರು ನನಗೆ ಕರ್ಚೀಫು ಕೊಡಲು ನೋಡಿದರು.

ಅಡ್ಡಮಾತು

ರಾತ್ರಿಪಾಳಿ ಅವರೇ, ಮೂರು ಸಲ ಓದಿದೆ. ನಾನು ಬೈದದ್ದು ನಿಮ್ಮಪ್ಪನಂಥವರನ್ನಲ್ಲ. ಅವರಿಗೆ ಯಾರೂ ಬಂದು ನಗಿ ಅನ್ನಲಿಲ್ಲ ನೋಡಿ. ಮಷೀನನ್ನೇ ನೆಂಟರನ್ನಾಗಿ ಮಾಡಿಕೊಂಡರು. ಮಲಗಿದ ಕಡೆಯಿಂದ ಅವರೇ ಶುರು ಮಾಡಿದ್ದು. ಅದಕ್ಕೇ ಅದಕ್ಕೆ ಆ ತೂಕ. ಅದನ್ನೇ ಹೊರಗಿನವರು ಬಂದು "ಈ ಸದ್ದನ್ನು ನೆಂಟರು ಅಂದುಕೊಳ್ಳಿ" ಅಂದಿದ್ದರೆ ನಿಮ್ಮಪ್ಪನೇ ಎದ್ದು ಓಡಿಸುತ್ತಿದ್ದರು.

ರಾತ್ರಿಪಾಳಿ

ಖಂಡಿತ ಓಡಿಸುತ್ತಿದ್ದರು. ಡ್ರಿಪ್ ಸ್ಟ್ಯಾಂಡ್ ಎತ್ತಿಕೊಂಡು.

ಒಂಟಿಚಪ್ಪಲಿ

ಇಲ್ಲಿ ಎಲ್ಲರ ಕಥೆಯಲ್ಲೂ ಇನ್ನೊಬ್ಬರು ಇದ್ದಾರೆ. ಅಕ್ಕ, ಟೀಚರ್, ಅಪ್ಪ, ನರ್ಸ್. ನಾನು ಒಬ್ಬಳೇ ಇರುವುದು. ಒಂಟಿಯಾಗಿ ಇರುವವರ ಗತಿ ಏನು?

ತಮಾಷೆ ಆಗುವುದಿಲ್ಲ ಅಂತಲ್ಲ. ನಿನ್ನೆ ಕತ್ತಲಲ್ಲಿ ಕುರ್ಚಿಗೆ ಕಾಲು ತಾಗಿಸಿಕೊಂಡು "ಸಾರಿ" ಅಂದೆ. ಕುರ್ಚಿಗೆ. ಅದೂ ಸಾಲದು ಅಂತ, ಅದು ಏನೂ ಹೇಳಲಿಲ್ಲವಲ್ಲ ಅಂತ ಸ್ವಲ್ಪ ಬೇಜಾರೂ ಆಯಿತು. ಆದರೆ ಜೋರಾಗಿ ನಗು ಬರಲಿಲ್ಲ. ಮೂಗಿನಲ್ಲಿ ಒಂದು ಫುಸ್ ಅಷ್ಟೇ. ಈಗ ಇಲ್ಲಿ ಬರೆಯುವಾಗ ಮಾತ್ರ ಒಬ್ಬಳೇ ಕೂತು ಕಿಸಕ್ಕನೆ ನಗುತ್ತಿದ್ದೇನೆ. ಯಾಕಿರಬಹುದು?

ಲೆಕ್ಕದಮೇಷ್ಟ್ರು

ಒಂಟಿಚಪ್ಪಲಿ ಅವರೇ, ನೀವು ಹೇಳಿದ್ದಕ್ಕೆ ಲೆಕ್ಕ ಇದೆ. ರಾಬರ್ಟ್ ಪ್ರೊವೈನ್ ಅಂತ ಅಮೆರಿಕದ ವಿಜ್ಞಾನಿ. ನಗುವನ್ನು ಲ್ಯಾಬಿನಲ್ಲಿ ನೋಡಿ ಬೇಸತ್ತು, 1990ರ ಸುಮಾರಿಗೆ ವಿದ್ಯಾರ್ಥಿಗಳ ಜೊತೆ ಜನ ಸೇರುವ ಕಡೆ ಹೋಗಿ ಸುಮ್ನೆ ಕದ್ದು ಕೇಳಿದರು. 1200 ಸಲ ಜನ ನಕ್ಕಿದ್ದನ್ನು ಬರೆದುಕೊಂಡರು. ನಗುವಿಗೆ ಮುಂಚೆ ಯಾರು ಏನು ಹೇಳಿದ್ದರು ಅಂತಲೂ ಬರೆದುಕೊಂಡರು. ಜೋಕ್ ಅನ್ನಬಹುದಾದದ್ದು ನೂರಕ್ಕೆ ಹತ್ತು ಇಪ್ಪತ್ತು ಮಾತ್ರ. ಉಳಿದದ್ದೆಲ್ಲ ನಮ್ಮ ನಿಮ್ಮ ಮಾತಿನ ಹಾಗೆ ತೀರಾ ಸಾಧಾರಣ ಮಾತು. "ಸರಿ, ಆಮೇಲೆ ಸಿಗೋಣ" ಅನ್ನುವ ಥರದ್ದು. ಕೇಳುವವರಿಗಿಂತ ಹೇಳುವವರೇ ಜಾಸ್ತಿ ನಗುತ್ತಾರೆ ಅನ್ನುವುದನ್ನೂ ಅವರು ಕಂಡರು. (ನಮ್ಮ ಸ್ಟಾಫ್ ರೂಮಿಗೆ ಬಂದಿದ್ದರೆ ಅಷ್ಟು ಕಷ್ಟಪಡದೇ ಗೊತ್ತಾಗುತ್ತಿತ್ತು.)

ಇನ್ನೊಂದು ಕಡೆ ಅವರು ಜನರಿಂದ ದಿನದ ನಗುವಿನ ಲೆಕ್ಕ ಬರೆಸಿದರು. ಒಬ್ಬರೇ ಇರುವಾಗಿಗಿಂತ ಜೊತೆಯಲ್ಲಿ ಇನ್ನೊಬ್ಬರಿದ್ದರೆ ಸುಮಾರು 30 ಪಟ್ಟು ಹೆಚ್ಚು ನಗು. ಕುರ್ಚಿಗೆ ಸಾರಿ ಹೇಳಿದಾಗ ನಿಮ್ಮ ಜೊತೆ ಕುರ್ಚಿ ಮಾತ್ರ ಇತ್ತು. ಈಗ ನಾವಿದ್ದೇವೆ. ಫುಸ್ ಅನ್ನುವುದು ಕಿಸಕ್ ಆಯಿತು.

ಒಂಟಿಚಪ್ಪಲಿ

ಅಂದರೆ ಒಬ್ಬಳೇ ಇದ್ದಾಗ ನಡೆದದ್ದು ಅರ್ಧ ನಗು. ಇನ್ನರ್ಧ ಯಾರಿಗಾದರೂ ಹೇಳಿದಾಗ ಬರುತ್ತದೆ. ಹಾಗಾದರೆ ನನ್ನ ಹತ್ತಿರ ಸುಮಾರು ಹನ್ನೊಂದು ವರ್ಷದ ಅರ್ಧ ನಗು ಬಾಕಿ ಇದೆ ಮೇಷ್ಟ್ರೇ. ದಯವಿಟ್ಟು ಎಲ್ಲರೂ ರಜೆ ಹಾಕಿ.

ಅಂಬೆಗಾಲು

ನನ್ನ ಮಗಳಿಗೆ ನಾಲ್ಕು ವರ್ಷ. ಅವಳ ಜೋಕ್ ಹೀಗಿದೆ.

"ಟಕ್ ಟಕ್."
"ಯಾರು?"
"ಆನೆ."
"ಯಾವ ಆನೆ?"
"ಆನೆ ಅಲ್ಲ! ನಾನು!"

ಅಷ್ಟು ಹೇಳಿ ನೆಲದ ಮೇಲೆ ಉರುಳಾಡಿ ನಗುತ್ತಾಳೆ. ಒಂದು ಸಂಜೆಗೆ ಇಪ್ಪತ್ತು ಸಲ. ಪ್ರತಿ ಸಲವೂ ಅವಳಿಗೆ ಹೊಸದು. ಹನ್ನೆರಡನೇ ಸಲ ನಾನು ಸುಸ್ತಾಗಿ "ನೀನು ತಾನೇ" ಅಂದೆ. ಅವಳು ಗಂಭೀರವಾಗಿ, "ಇಲ್ಲ ಅಮ್ಮ, ಈ ಸಲ ನಿಜವಾಗ್ಲೂ ಆನೆ" ಅಂದಳು. ಅದಕ್ಕೆ ನಾನು ನಕ್ಕ ನಗು ಇದೆಯಲ್ಲ, ಗಂಡ ಎದ್ದು ಬಂದು ಏನಾಯ್ತು ಅಂತ ಕೇಳಿದರು. ಹೇಳಿದೆ. ಅವರಿಗೆ ನಗು ಬರಲಿಲ್ಲ. ಹನ್ನೊಂದು ಸಲ ಕೇಳಿದ್ದರೆ ಬರುತ್ತಿತ್ತು.

ಅವಳಿಗೆ ತನ್ನ ಹೊಟ್ಟೆಗೆ ತಾನೇ ಕಚಗುಳಿ ಇಟ್ಟುಕೊಂಡರೆ ಯಾಕೆ ನಗು ಬರುವುದಿಲ್ಲ ಅಂತ ಬೇರೆ ಪ್ರಶ್ನೆ. ಯಾರಾದರೂ ಉತ್ತರ ಹೇಳಿ, ನನಗೆ ಸಾಕಾಗಿದೆ.

ಲೆಕ್ಕದಮೇಷ್ಟ್ರು

ಕೈ ಎಲ್ಲಿಗೆ ಹೋಗುತ್ತಿದೆ ಅಂತ ಮೆದುಳಿಗೆ ಮೊದಲೇ ಗೊತ್ತು, ಅದಕ್ಕೆ. ಹಿಂಬದಿಯ ಸಣ್ಣ ಮೆದುಳು ಅದನ್ನು ಮುಂಚೆಯೇ ಊಹಿಸಿ ಆ ಸ್ಪರ್ಶವನ್ನು ಮಂಕು ಮಾಡಿಬಿಡುತ್ತದೆ. ಲಂಡನ್ನಿನಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್ ಅವರ ತಂಡ 1990ರ ದಶಕದ ಕೊನೆಯಲ್ಲಿ ಇದನ್ನು ಯಂತ್ರದ ಕೈ ಇಟ್ಟು ನೋಡಿತು. ನಾವೇ ಆಡಿಸುವ ಯಂತ್ರ, ಆದರೆ ನಮ್ಮ ಕೈ ಆಡಿದ ಕ್ಷಣಕ್ಕಿಂತ ಚೂರೇ ಚೂರು ತಡವಾಗಿ ಅಂಗೈ ಮುಟ್ಟುತ್ತದೆ. ತಡ ಹೆಚ್ಚಿಸಿದ ಹಾಗೆ ಕಚಗುಳಿಯೂ ಹೆಚ್ಚಾಯಿತು. ಊಹೆ ಸ್ವಲ್ಪ ತಪ್ಪಬೇಕು, ಅಷ್ಟೇ.

ಮಗಳ ಆನೆಯೂ ಇದೇ ಲೆಕ್ಕ. ಹನ್ನೊಂದು ಸಲ ನಿಮ್ಮ ಊಹೆ ಸರಿ. ಹನ್ನೆರಡನೇ ಸಲ ತಪ್ಪಿಸಿದಳು. ಜಾಣೆ.

ಕಿಟಕಿಪಕ್ಕ

ಈಗ ತಾನೇ ಇಲ್ಲಿ ಮಳೆ ಶುರುವಾಯಿತು. ಕಿಟಕಿ ತೆಗೆದು ನಿಂತಿದ್ದೇನೆ. ಆ ಮಣ್ಣಿನ ವಾಸನೆ! ಇದಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಅದರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅಂತ ಒಂದು ವಸ್ತು ಇರುತ್ತದಂತೆ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗಿಗೆ ಸಿಕ್ಕಿಬಿಡುತ್ತದೆ. ನೆಗಡಿಯಾದರೆ ಒಂದು ವಾರ ಏನೂ ಗೊತ್ತಾಗದ ಈ ಮೂಗಿಗೆ ಇಷ್ಟು ತಾಕತ್ತು ಇದೆ ಅಂದರೆ ನಂಬುವುದು ಕಷ್ಟ.

ಅಡ್ಡಮಾತು ಅಣ್ಣಾ, ನಿಮಗೂ ಏನಾದರೂ ಒಂದು ಇದ್ದೇ ಇರುತ್ತದೆ. ಬರೀ ಬೈದು ತಪ್ಪಿಸಿಕೊಳ್ಳಬೇಡಿ.

ಅಡ್ಡಮಾತು

ಸರಿ, ಒಂದು ಹೇಳುತ್ತೇನೆ. ಆಮೇಲೆ ನನ್ನನ್ನು ಬಿಟ್ಟುಬಿಡಬೇಕು.

ಆನ್‌ಲೈನ್ ಮೀಟಿಂಗು. ತುಂಬಾ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಅವತ್ತು ಹೇಳಲೇಬೇಕು ಅಂತ ಕೂತಿದ್ದೆ. ಆರು ನಿಮಿಷ ಮಾತಾಡಿದೆ. ಕೈ ಆಡಿಸಿದೆ, ಬೆರಳು ಎಣಿಸಿದೆ, ಒಂದು ಕಡೆ ಮೇಜು ಕುಟ್ಟಿದೆ. ಎಲ್ಲರೂ ಸುಮ್ಮನೆ ಕಣ್ಣರಳಿಸಿ ನೋಡುತ್ತಿದ್ದರು. ನಾಟಿತು ಅಂದುಕೊಂಡೆ. ಕೊನೆಗೆ "ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಅಂತ ಕೇಳಿ ಕೈ ಕಟ್ಟಿ ಕೂತೆ.

ಒಂದು ಕ್ಷಣ ಬಿಟ್ಟು ನಮ್ಮ ಮ್ಯಾನೇಜರ್, "ನೀವು ಮ್ಯೂಟ್‌ನಲ್ಲಿ ಇದ್ದೀರಿ" ಅಂದರು. ಆಮೇಲೆ ಇಷ್ಟನ್ನು ಸೇರಿಸಿದರು: "ಆದರೆ ಒಪ್ಪಿದೆ."

ಯಾವುದಕ್ಕೆ ಒಪ್ಪಿದರು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ವಾರದ ಮೇಲೆ ನನ್ನ ಪಾಲಿನ ಅರ್ಧ ಕೆಲಸ ಬೇರೆಯವರಿಗೆ ಹೋಯಿತು.

ಸೊನ್ನೆ

ಇಷ್ಟು ಹೊತ್ತು ಇದನ್ನು ಒಳಗಿಟ್ಟುಕೊಂಡು ನಮಗೆ ಪೆನ್ನಿನ ಪ್ರಯೋಗ ಹೇಳುತ್ತಿದ್ದಿರಾ ಮಾರಾಯ್ರೇ!

ಒಂಟಿಚಪ್ಪಲಿ

ನನಗೆ ಮೊದಲಿಂದ ಒಂದು ಅನುಮಾನ. ಹಳೇಪೆನ್ನು ಅವರೇ, ನಿಮ್ಮ ಅಕ್ಕ ನಿಜವಾಗಿಯೂ ಗೊತ್ತಾಗದೆ "ಸಿಕ್ಕಿದ ಮೇಲೆ ಫೋನ್ ಮಾಡು" ಅಂದರಾ? ಅಥವಾ ಗೊತ್ತಿದ್ದೇ ಹೇಳಿ ಇಟ್ಟರಾ? ಇವೆರಡೂ ಬೇರೆ ಬೇರೆ ಕಥೆ.

ಅಂಬೆಗಾಲು

ಗೊತ್ತಿದ್ದೇ ಹೇಳಿದ್ದು. ಅಕ್ಕಂದಿರ ಬಗ್ಗೆ ನನಗೆ ಗೊತ್ತು, ನಾನೂ ಒಬ್ಬಳು.

ಲೆಕ್ಕದಮೇಷ್ಟ್ರು

ಗೊತ್ತಾಗದೆ ಅಂತ ನನ್ನ ಮತ. ಗೊತ್ತಿದ್ದರೆ ಎರಡು ನಿಮಿಷ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಹಳೇಪೆನ್ನು

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಡೈರಿ ವಾರಕ್ಕೊಮ್ಮೆ ಮಾಡಿದ್ದೇನೆ. ನಿಜ ಹೇಳಬೇಕೆಂದರೆ ಈ ವಾರದ ಪುಟದಲ್ಲಿ ನನ್ನದು ಒಂದೂ ಇಲ್ಲ. ಮಂಗ, ಆನೆ, ಕುರ್ಚಿ, ಮ್ಯೂಟು, ಎಲ್ಲ ನಿಮ್ಮದೇ. ರಾತ್ರಿಪಾಳಿ ಅವರ ಅಪ್ಪನದನ್ನು ಬರೆಯಲಿಲ್ಲ, ಅದು ನೆನಪಿರುತ್ತದೆ.

ಒಂಟಿಚಪ್ಪಲಿ ಅವರ ಪ್ರಶ್ನೆ ತಲೆಯಲ್ಲಿ ಹುಳ ಬಿಟ್ಟಿತು. ನಿನ್ನೆ ಸಂಜೆ ಅಕ್ಕನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ: "ಅವತ್ತು ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಬೇಕಂತ್ಲೇ ಹೇಳಿದ್ದು" ಅಂದಳು.

ಹಿಂದಿನಿಂದ ಭಾವನ ದನಿ ಕೇಳಿಸಿತು: "ಸುಳ್ಳು! ಫೋನ್ ಇಟ್ಟು ಬಂದು ನಂಗೆ, 'ಪಾಪ, ಅವನ ಫೋನ್ ಕಳೆದುಹೋಗಿದೆಯಂತೆ' ಅಂದ್ಲು. 'ಮತ್ತೆ ಯಾವುದ್ರಲ್ಲಿ ಮಾತಾಡ್ದ?' ಅಂತ ಕೇಳ್ದೋನು ನಾನು."

ಅಕ್ಕ ಒಂದು ಕ್ಷಣ ಸುಮ್ಮನಾದಳು. ಆಮೇಲೆ, "ಸರಿಯಾಗಿ ಕೇಳಿಸ್ತಿಲ್ಲ ಕಣೋ, ಸಿಗ್ನಲ್ ಇಲ್ಲ" ಅಂದು ಇಟ್ಟುಬಿಟ್ಟಳು. ಲ್ಯಾಂಡ್‌ಲೈನಿನಿಂದ.